ನಮ್ಮ ಸಾಲದ ಜಾತಕ ಯಾರ ಕೈಯಲ್ಲಿದೆ?

ಕೆಲವು ವರ್ಷಗಳ ಹಿಂದಿನ ಮಾತು. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ ನಮ್ಮ ಪರಿಚಯದ ಹಿರಿಯರೊಬ್ಬರು ಹಂಚಿನ ಮನೆಯ ಮಾಡು ರಿಪೇರಿ ಮಾಡಿಸಬೇಕೆಂದು ಸಾಲ ಕೇಳಲು ಬ್ಯಾಂಕಿಗೆ ಹೋದರು. ಜಾಗದ ಪತ್ರ, ಆರ್‌ಟಿಸಿ, ತೆರಿಗೆ ರಶೀದಿ, ಮಗನ ಸಂಬಳದ ಚೀಟಿ ಎಲ್ಲವೂ ಸರಿಯಾಗಿಯೇ ಇತ್ತು. ಅಧಿಕಾರಿ ಕಂಪ್ಯೂಟರ್ ನೋಡಿ, "ಸರ್, ನಿಮ್ಮ ಸಿಬಿಲ್ ಸರಿ ಇಲ್ಲ. ಸಾಲ ಕೊಡಲಿಕ್ಕೆ ಆಗುವುದಿಲ್ಲ" ಎಂದುಬಿಟ್ಟರು. ಹಿರಿಯರಿಗೆ ಆಕಾಶವೇ ಕಳಚಿ ಬಿದ್ದಂತಾಯಿತು. "ನಾನು ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವನಲ್ಲ" ಎಂದು ಎಷ್ಟು ಹೇಳಿದರೂ ಕಂಪ್ಯೂಟರ್ ಕೇಳಬೇಕಲ್ಲ!

ವಿಚಾರಿಸಿದಾಗ ಗೊತ್ತಾದದ್ದು ಇಷ್ಟು. ಎಂಟು ವರ್ಷಗಳ ಹಿಂದೆ ಅವರು ಒಂದು ಬೈಕಿಗೆ ಸಾಲ ತೆಗೆದಿದ್ದರು. ಕೊನೆಯ ಕಂತನ್ನೂ ಕಟ್ಟಿದ್ದರು. ಆದರೆ ಯಾವುದೋ ಶುಲ್ಕದ ಕೆಲವು ನೂರು ರೂಪಾಯಿ ಫೈನಾನ್ಸ್ ಕಂಪೆನಿಯ ಲೆಕ್ಕದಲ್ಲಿ ಉಳಿದುಬಿಟ್ಟಿತ್ತು. ಅದನ್ನು ಅವರಿಗೆ ಯಾರೂ ತಿಳಿಸಲಿಲ್ಲ. ಆದರೆ ಅವರು 'ಬಾಕಿದಾರ' ಎಂಬ ಸಂಗತಿ ಮಾತ್ರ ತಿಂಗಳು ತಿಂಗಳೂ ಮುಂಬೈಯ ಒಂದು ಕಂಪೆನಿಗೆ ತಪ್ಪದೆ ಹೋಗುತ್ತಿತ್ತು. ಇದನ್ನು ಸರಿಪಡಿಸಲು ಅವರಿಗೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಳೆಗಾಲ ಬಂದು ಆ ವರ್ಷ ಮನೆಯೊಳಗೆ ಬಕೆಟ್ ಇಟ್ಟುಕೊಂಡೇ ಕಳೆಯಬೇಕಾಯಿತು.

ಇದು ಒಬ್ಬರ ಕಥೆಯಲ್ಲ. ನಮ್ಮಲ್ಲಿ ಸಾಲ ತೆಗೆದವರು, ಸಾಲಕ್ಕೆ ಜಾಮೀನು ನಿಂತವರು, ಸ್ವಸಹಾಯ ಸಂಘದ ಸದಸ್ಯರು, ಕ್ರೆಡಿಟ್ ಕಾರ್ಡ್ ಇರುವವರು ಇವರೆಲ್ಲರ ಬಗ್ಗೆಯೂ ಇಂತಹ ದಾಖಲೆಯೊಂದು ಇದೆ. ಅದರ ಆಧಾರದಲ್ಲಿ ನಮ್ಮ ಮಕ್ಕಳ ಶಿಕ್ಷಣ, ಮನೆ, ಕೆಲವೊಮ್ಮೆ ಉದ್ಯೋಗ ಕೂಡ ನಿರ್ಧಾರವಾಗುತ್ತದೆ. ಆದರೆ ಅದನ್ನು ಒಮ್ಮೆಯಾದರೂ ತೆರೆದು ನೋಡಿದವರು ನಮ್ಮಲ್ಲಿ ಎಷ್ಟು ಜನ? ಈ ದಾಖಲೆ ಇಡುವ ಕಂಪೆನಿಗಳಿಗೆ ನಮ್ಮ ದೇಶದಲ್ಲಿ ಯಾವ ಲಗಾಮು ಇದೆ, ಅದು ಎಲ್ಲಿ ಸಡಿಲವಾಗಿದೆ ಎಂಬುದನ್ನು ಅರಿತುಕೊಳ್ಳುವುದು ಇಂದಿನ ಅಗತ್ಯ.

ಮುಖ ನೋಡಿ ಸಾಲ ಕೊಡುತ್ತಿದ್ದ ಕಾಲ

ನಮ್ಮ ಕರಾವಳಿ ಬ್ಯಾಂಕುಗಳ ತವರೂರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿಕೊಂಡವು. ಮಂಗಳೂರಿನ ಕಥೋಲಿಕ್ ಸಹಕಾರಿ ಬ್ಯಾಂಕ್ 1912ರಷ್ಟು ಹಳೆಯದು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಏಜೆಂಟರು 1928ರಿಂದಲೇ ಮನೆಮನೆಗೆ ಬಂದು ಎರಡಾಣೆ ಸಂಗ್ರಹಿಸುತ್ತಿದ್ದರು. ಆ ಕಾಲದಲ್ಲಿ ಬ್ಯಾಂಕಿನ ಮ್ಯಾನೇಜರರಿಗೆ ಊರಿನ ಕುಟುಂಬಗಳ ಪರಿಚಯ ಇರುತ್ತಿತ್ತು. ಯಾರ ಮಾತಿಗೆ ಬೆಲೆ ಇದೆ, ಯಾರದಕ್ಕೆ ಇಲ್ಲ ಎಂಬುದು ಅವರಿಗೆ ತಿಳಿದಿರುತ್ತಿತ್ತು. ಅದರಲ್ಲೂ ಅನ್ಯಾಯ ಇರಲಿಲ್ಲ ಎಂದಲ್ಲ. ಜಾತಿ, ಮನೆತನ, ಶಿಫಾರಸು ನೋಡಿ ಸಾಲ ಕೊಟ್ಟದ್ದೂ ಉಂಟು. ಆದರೆ ತಪ್ಪು ತಿಳುವಳಿಕೆ ಆದರೆ ಎದುರು ಹೋಗಿ ಮಾತಾಡಿ ಸರಿಪಡಿಸಿಕೊಳ್ಳಲು ಒಬ್ಬ ಮನುಷ್ಯ ಅಲ್ಲಿ ಇದ್ದ.

ಇಂದು ಆ ಜಾಗಕ್ಕೆ ಮೂರಂಕಿಯ ಒಂದು ಸಂಖ್ಯೆ ಬಂದಿದೆ. 300ರಿಂದ 900ರ ನಡುವಿನ ಈ ಅಂಕವನ್ನು ಲೆಕ್ಕಹಾಕುವುದು ಸಾಲ ಮಾಹಿತಿ ಕಂಪೆನಿಗಳು, ಅಂದರೆ ಕ್ರೆಡಿಟ್ ಬ್ಯೂರೋಗಳು. 2000ನೇ ಇಸವಿಯಲ್ಲಿ ಸ್ಥಾಪನೆಯಾದ ಸಿಬಿಲ್ ಇವುಗಳಲ್ಲಿ ಮೊದಲನೆಯದು. ಅದರ ಈಗಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಉಳಿದ ಮೂರು. ನೆರಳಚ್ಚಿಗೆ ಜೆರಾಕ್ಸ್ ಎನ್ನುವ ಹಾಗೆ ನಾವು ನಾಲ್ಕಕ್ಕೂ 'ಸಿಬಿಲ್' ಎಂದೇ ಹೇಳುತ್ತೇವೆ. ಆದರೆ ಒಂದರಲ್ಲಿ ದಾಖಲೆ ಸರಿ ಇದ್ದರೆ ಇನ್ನೊಂದರಲ್ಲೂ ಸರಿ ಇರುತ್ತದೆ ಎಂದು ಹೇಳಲಾಗದು.

ಇವು ಬೇಕೇ ಬೇಡವೇ?

ಇಂತಹ ಕಂಪೆನಿಗಳೇ ಬೇಡ ಎಂದು ಹೇಳುವುದು ಸುಲಭ. ಆದರೆ ಅದು ಸರಿಯಲ್ಲ. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲದ ದೊಡ್ಡ ಬಿಕ್ಕಟ್ಟು ತಲೆದೋರಿತು. ಒಂದೇ ಮನೆಗೆ ನಾಲ್ಕೈದು ಸಂಸ್ಥೆಗಳು ಸಾಲ ಕೊಟ್ಟು, ಒಂದರ ಕಂತು ಕಟ್ಟಲು ಇನ್ನೊಂದರಿಂದ ಸಾಲ ತೆಗೆದು, ಕೊನೆಗೆ ಬಡ ಮಹಿಳೆಯರು ದಿಕ್ಕು ತೋಚದಂತಾದರು. ಒಂದು ಸಂಸ್ಥೆ ಕೊಟ್ಟ ಸಾಲ ಇನ್ನೊಂದಕ್ಕೆ ತಿಳಿಯುವ ವ್ಯವಸ್ಥೆ ಆಗ ಸರಿಯಾಗಿ ಇರಲಿಲ್ಲ. ಇಂದು 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಕಿರುಸಾಲ ಎಂದರೆ ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ. ಆ ಕುಟುಂಬದ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇಕಡಾ 50ನ್ನು ಮೀರಬಾರದು. ಇದನ್ನು ಪರಿಶೀಲಿಸಲು ಬ್ಯೂರೋದ ದಾಖಲೆಯೇ ಬೇಕು. ನಮ್ಮ ರಾಜ್ಯದಲ್ಲೇ ಕಿರುಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನರು ಮನೆ ಬಿಟ್ಟು ಹೋದದ್ದು, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿದ್ದು ನೆನಪಿದೆಯಲ್ಲವೇ? ಸರಿಯಾದ ದಾಖಲೆ ಇದ್ದು, ಸಾಲ ಕೊಡುವವರು ಅದನ್ನು ಪ್ರಾಮಾಣಿಕವಾಗಿ ನೋಡಿದರೆ ಅನೇಕ ಕುಟುಂಬಗಳು ಆ ಸುಳಿಗೆ ಬೀಳುವುದಿಲ್ಲ.

ಹೀಗಾಗಿ ಪ್ರಶ್ನೆ ಇರುವುದು ದಾಖಲೆ ಬೇಕೇ ಎಂಬುದರಲ್ಲಿ ಅಲ್ಲ. ಆ ದಾಖಲೆ ಸತ್ಯವಾಗಿದೆಯೇ, ಅದನ್ನು ಯಾರೆಲ್ಲ ನೋಡುತ್ತಾರೆ, ತಪ್ಪಾದರೆ ಯಾರು ಹೊಣೆ ಎಂಬುದರಲ್ಲಿ. ಬ್ಯೂರೋಗಳಿಗೆ ಮಾಹಿತಿ ಕೊಡುವವರೂ ಹಣ ಕೊಡುವವರೂ ಮುಖ್ಯವಾಗಿ ಬ್ಯಾಂಕುಗಳು. ಆದುದರಿಂದ ಅವರ ಗಿರಾಕಿ ಬ್ಯಾಂಕೇ ಹೊರತು ನಾವಲ್ಲ. ದಾಖಲೆ ತಪ್ಪಾಗಿದ್ದರೆ ನಷ್ಟ ಮಾತ್ರ ನಮ್ಮದು. ಎಲ್ಲಾ ಸಮಸ್ಯೆಯ ಬೇರು ಇಲ್ಲೇ ಇದೆ.

2005ರ ಕಾನೂನು

ಸಂಸತ್ತು 2005ರಲ್ಲಿ ಸಾಲ ಮಾಹಿತಿ ಕಂಪೆನಿಗಳ ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. 2006ರ ಡಿಸೆಂಬರ್‌ನಲ್ಲಿ ಅದು ಜಾರಿಗೆ ಬಂತು. ಇದರ ಪ್ರಕಾರ ರಿಸರ್ವ್ ಬ್ಯಾಂಕಿನ ಪರವಾನಿಗೆ ಇಲ್ಲದೆ ಯಾರೂ ಈ ವ್ಯವಹಾರ ನಡೆಸುವಂತಿಲ್ಲ. ದಾಖಲೆ ನಿಖರವಾಗಿರಬೇಕು, ಸುರಕ್ಷಿತವಾಗಿರಬೇಕು. ಕಾನೂನು ಗುರುತಿಸಿದ ಬಳಕೆದಾರರಿಗೆ ಮಾತ್ರ ಅದನ್ನು ಕೊಡಬೇಕು. ಅನಧಿಕೃತವಾಗಿ ದಾಖಲೆ ನೋಡಿದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಸಾಲಕ್ಕೆ ಅರ್ಜಿ ಹಾಕಿದವರು, ಬ್ಯಾಂಕು ತನ್ನ ಬಗ್ಗೆ ತರಿಸಿಕೊಂಡ ವರದಿಯ ಪ್ರತಿಯನ್ನು ಆ ಬ್ಯಾಂಕಿನಿಂದಲೇ ಕೇಳಿ ಪಡೆಯಬಹುದು. ಇದು ಕಾಯ್ದೆಯ 21ನೇ ಕಲಮಿನಲ್ಲೇ ಇದೆ. ತಪ್ಪು ಕಂಡರೆ ತಿದ್ದುವಂತೆ ಕೋರಬಹುದು, 30 ದಿನಗಳೊಳಗೆ ತಿದ್ದಬೇಕು ಎಂದೂ ಅದೇ ಕಲಮು ಹೇಳುತ್ತದೆ.

ಕೇಳಲು ಎಲ್ಲವೂ ಚೆನ್ನಾಗಿದೆ. ಆದರೆ 30 ದಿನಗಳೊಳಗೆ ತಿದ್ದದಿದ್ದರೆ ಸಾಮಾನ್ಯ ಮನುಷ್ಯನಿಗೆ ಏನು ಪರಿಹಾರ? ಅನೇಕ ವರ್ಷಗಳ ಕಾಲ ಇದಕ್ಕೆ ಸರಿಯಾದ ಉತ್ತರವೇ ಇರಲಿಲ್ಲ. ಬ್ಯಾಂಕಿಗೆ ಹೋದರೆ 'ಬ್ಯೂರೋಗೆ ಬರೆಯಿರಿ' ಎನ್ನುವುದು, ಬ್ಯೂರೋಗೆ ಬರೆದರೆ 'ಬ್ಯಾಂಕು ಹೇಳದೆ ನಾವು ತಿದ್ದುವಂತಿಲ್ಲ' ಎನ್ನುವುದು. ಈ ಅತ್ತಿಂದಿತ್ತ ಓಡಾಟದಲ್ಲಿ ಸೋತವರೇ ಹೆಚ್ಚು. ನಮ್ಮ ಹಿರಿಯರ ಐದು ತಿಂಗಳು ಕಳೆದದ್ದು ಹೀಗೆಯೇ.

ಕೆನರಾ ಬ್ಯಾಂಕಿನ ಮೊಕದ್ದಮೆ ಕಲಿಸಿದ ಪಾಠ

ಹಣಕಾಸಿನ ಗೌಪ್ಯತೆಯ ವಿಷಯ ಬಂದಾಗ ನಮ್ಮ ಊರಿನಲ್ಲೇ ಹುಟ್ಟಿದ ಬ್ಯಾಂಕಿನ ಹೆಸರಿನಲ್ಲಿರುವ ಒಂದು ತೀರ್ಪನ್ನು ನೆನಪಿಸಿಕೊಳ್ಳಬೇಕು. ಆಂಧ್ರಪ್ರದೇಶ ಸರಕಾರ ಮುದ್ರಾಂಕ ಕಾಯ್ದೆಗೆ ತಿದ್ದುಪಡಿ ತಂದು, ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಯಾರೇ ಆದರೂ ಬ್ಯಾಂಕಿಗೆ ಹೋಗಿ ಗ್ರಾಹಕರ ದಾಖಲೆ ತಪಾಸಣೆ ಮಾಡಬಹುದು, ವಶಕ್ಕೂ ಪಡೆಯಬಹುದು ಎಂದು ಮಾಡಿತ್ತು. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 2004ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆನರಾ ಬ್ಯಾಂಕಿನ ಪರ ತೀರ್ಪು ನೀಡಿತು. ಅದರ ಸಾರ ಸರಳ. ಗೌಪ್ಯತೆಯ ಹಕ್ಕು ಇರುವುದು ಸ್ಥಳಕ್ಕಲ್ಲ, ವ್ಯಕ್ತಿಗೆ. ನನ್ನ ಕಾಗದಪತ್ರ ನನ್ನ ಮನೆಯ ಕಪಾಟಿನಲ್ಲಿ ಇದ್ದರೂ ಒಂದೇ, ನಂಬಿ ಬ್ಯಾಂಕಿಗೆ ಕೊಟ್ಟಿದ್ದರೂ ಒಂದೇ. ಬ್ಯಾಂಕಿನ ಕೈಗೆ ಹೋದ ಮಾತ್ರಕ್ಕೆ ಅದು ಊರಿಗೆಲ್ಲ ತೆರೆದಿಟ್ಟ ಪುಸ್ತಕ ಆಗುವುದಿಲ್ಲ.

ಮುಂದೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ. ಹೀಗೆ ತತ್ವ ಸ್ಪಷ್ಟವಾಗಿದೆ. ಆಚರಣೆ ಎಷ್ಟು ಸ್ಪಷ್ಟವಾಗಿದೆ?

2023ರ ನಂತರ ಏನು ಬದಲಾಯಿತು?

2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ನಾಲ್ಕೂ ಬ್ಯೂರೋಗಳಿಗೆ ತಲಾ ಸುಮಾರು 25 ಲಕ್ಷ ರೂಪಾಯಿ ದಂಡ ವಿಧಿಸಿತು. ಅದೇ ವರ್ಷ ಅಕ್ಟೋಬರ್ 26ರಂದು ಎರಡು ಮುಖ್ಯ ಸುತ್ತೋಲೆಗಳನ್ನು ಹೊರಡಿಸಿತು. ಆರು ತಿಂಗಳ ನಂತರ, ಅಂದರೆ 2024ರ ಏಪ್ರಿಲ್‌ನಲ್ಲಿ ಅವು ಜಾರಿಗೆ ಬಂದವು. ನಾವು ಗಮನಿಸಬೇಕಾದ ಅಂಶಗಳು ಇವು:

ಒಂದು: ದೂರು ಕೊಟ್ಟ 30 ದಿನಗಳೊಳಗೆ ದಾಖಲೆ ಸರಿಯಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕು. ಬ್ಯಾಂಕು ತನ್ನ ಕೆಲಸವನ್ನು 21 ದಿನಗಳೊಳಗೆ ಮುಗಿಸಿ ಬ್ಯೂರೋಗೆ ತಿಳಿಸಬೇಕು. ಬ್ಯಾಂಕಿನಿಂದ ತಡವಾದರೆ ಬ್ಯಾಂಕು, ಬ್ಯೂರೋದಿಂದ ತಡವಾದರೆ ಬ್ಯೂರೋ ಹಣ ಕೊಡಬೇಕು. ಈ ನಿಯಮ ಆಗಲೇ ಇದ್ದಿದ್ದರೆ ನಮ್ಮ ಹಿರಿಯರಿಗೆ ಐದು ತಿಂಗಳಿಗೆ ಸುಮಾರು 12 ಸಾವಿರ ರೂಪಾಯಿ ಸಿಗುತ್ತಿತ್ತು.

ಎರಡು: ಯಾರಾದರೂ ನಮ್ಮ ಸಾಲದ ವರದಿಯನ್ನು ತರಿಸಿಕೊಂಡರೆ ಬ್ಯೂರೋ ನಮಗೆ ಎಸ್ಸೆಮ್ಮೆಸ್ ಅಥವಾ ಇಮೇಲ್ ಮೂಲಕ ತಿಳಿಸಬೇಕು. ನಾವು ಕಂತು ತಪ್ಪಿಸಿದ್ದೇವೆ ಎಂದು ಬ್ಯಾಂಕು ವರದಿ ಮಾಡಿದಾಗಲೂ ನಮಗೆ ತಿಳಿಸಬೇಕು. ಇದಕ್ಕೆ ನಮ್ಮ ಈಗಿನ ಮೊಬೈಲ್ ನಂಬರ್ ಬ್ಯಾಂಕಿನಲ್ಲಿ ಇರಬೇಕು ಎಂಬುದನ್ನು ಮರೆಯಬಾರದು.

ಮೂರು: ವರ್ಷಕ್ಕೊಮ್ಮೆ ಪ್ರತಿಯೊಂದು ಬ್ಯೂರೋ ಪೂರ್ಣ ವರದಿಯನ್ನು ಅಂಕದ ಸಮೇತ ಉಚಿತವಾಗಿ ಕೊಡಬೇಕು. ಈ ಸೌಲಭ್ಯ 2017ರಿಂದಲೇ ಇತ್ತು. ಆದರೆ ಬ್ಯೂರೋಗಳ ಅಂತರ್ಜಾಲ ತಾಣದಲ್ಲಿ ಅದನ್ನು ಹುಡುಕುವುದೇ ಕಷ್ಟವಾಗಿತ್ತು. ಈಗ ಅದರ ಕೊಂಡಿ ಎದ್ದು ಕಾಣುವ ಜಾಗದಲ್ಲೇ ಇರಬೇಕು.

ನಾಲ್ಕು: ತಿದ್ದುಪಡಿ ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣ ಕೊಡಬೇಕು.

ಇದಕ್ಕೂ ಮೊದಲು, 2022ರ ಸೆಪ್ಟೆಂಬರ್ 1ರಿಂದ, ಬ್ಯೂರೋಗಳನ್ನು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯಾಪ್ತಿಗೆ ತರಲಾಗಿತ್ತು. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ. 2025ರ ಜನವರಿ 1ರಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಬ್ಯೂರೋಗಳಿಗೆ ಹೊಸ ಮಾಹಿತಿ ಕೊಡಬೇಕೆಂಬ ನಿಯಮವೂ ಬಂತು. ಮೊದಲು ಇದು ತಿಂಗಳಿಗೊಮ್ಮೆ ಇತ್ತು. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು, ಹಳೆಯ ಸಾಲದ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದೂ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ.

ಇವೆಲ್ಲ ನಿಜವಾಗಿಯೂ ಸ್ವಾಗತಾರ್ಹ. 2005ರ ಕಾನೂನಿನಲ್ಲಿ ಕಾಗದದ ಮೇಲಿದ್ದ ಹಕ್ಕಿಗೆ 2023ರಲ್ಲಿ ಬೆಲೆ ಕಟ್ಟಲಾಯಿತು. ತಡ ಮಾಡಿದರೆ ಹಣ ಹೋಗುತ್ತದೆ ಎಂದಾದಾಗಲೇ ಕಂಪೆನಿಗಳು ಎಚ್ಚೆತ್ತುಕೊಳ್ಳುವುದು.

ಇನ್ನೂ ಉಳಿದಿರುವ ಕೊರತೆಗಳು

ಹಾಗೆಂದು ಎಲ್ಲವೂ ಮುಗಿಯಿತೇ? ಇಲ್ಲ. ಮೊದಲನೆಯದಾಗಿ, ಒಪ್ಪಿಗೆಯ ವಿಷಯ. ಸಾಲದ ಅರ್ಜಿಯಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿರುವುದಕ್ಕೆ ನಾವು ಸಹಿ ಹಾಕುತ್ತೇವೆ. ಒಪ್ಪದಿದ್ದರೆ ಸಾಲವೇ ಇಲ್ಲ. ಅಂಥದ್ದನ್ನು ಒಪ್ಪಿಗೆ ಎಂದು ಕರೆಯುವುದು ಹೇಗೆ? ವರದಿ ನೋಡಲು ಅರ್ಹರಾದವರ ಪಟ್ಟಿಯಲ್ಲಿ ಬ್ಯಾಂಕುಗಳು ಮಾತ್ರವಲ್ಲ, ವಿಮಾ ಕಂಪೆನಿಗಳು, ದೂರವಾಣಿ ಕಂಪೆನಿಗಳು ಕೂಡ ಇವೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಎರಡನೆಯದಾಗಿ, ಅಂಕವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬ ಗುಟ್ಟು. ದಿನಕ್ಕೆ 100 ರೂಪಾಯಿಯ ಪರಿಹಾರ ದಾಖಲೆಯ ತಪ್ಪಿಗೆ ಮಾತ್ರ. ಅಂಕ ಲೆಕ್ಕ ಹಾಕಿದ ವಿಧಾನವೇ ಸರಿಯಿಲ್ಲ ಎಂಬ ದೂರಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಹಣೆಬರಹ ಬರೆಯುವ ಲೆಕ್ಕವನ್ನು ಪ್ರಶ್ನಿಸುವ ಹಕ್ಕು ನಮಗೆ ಇಲ್ಲ!

ಮೂರನೆಯದಾಗಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಮಾಹಿತಿ ಸೋರಿಕೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಈ ಕಾಯ್ದೆ ಬಲವಾದದ್ದೇ. ಆದರೆ ಇದರ 17ನೇ ಕಲಮಿನಲ್ಲಿ, ಸಾಲದ ಬಾಕಿ ಉಳಿಸಿಕೊಂಡವರ ಹಣಕಾಸಿನ ಸ್ಥಿತಿ ಮತ್ತು ಆಸ್ತಿಯ ವಿವರ ಸಂಗ್ರಹಿಸುವುದಕ್ಕೆ ವಿನಾಯಿತಿ ಕೊಡಲಾಗಿದೆ. ಬೇಕೆಂದೇ ಸಾಲ ಮುಳುಗಿಸುವ ದೊಡ್ಡ ಕುಳಗಳನ್ನು ಹಿಡಿಯಲು ಇದು ಬೇಕು, ಸರಿ. ಆದರೆ ಮೀನುಗಾರಿಕೆಯ ರಜೆಯಲ್ಲಿ ಎರಡು ಕಂತು ತಪ್ಪಿದ ಬಡವನೂ ಅದೇ ವಿನಾಯಿತಿಯ ಅಡಿಯಲ್ಲಿ ಬರುತ್ತಾನೆ. ಹಕ್ಕು ಹೆಚ್ಚು ಬೇಕಾದವನಿಗೇ ಹಕ್ಕು ಕಡಿಮೆಯಾದರೆ ಹೇಗೆ?

ನಾಲ್ಕನೆಯದು ಭಾಷೆ. ವರದಿ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷಿನಲ್ಲಿ. 'ಸೆಟಲ್ಡ್', 'ರಿಟನ್ ಆಫ್', 'ಡಿಪಿಡಿ' ಎಂಬ ಪದಗಳ ಅರ್ಥ ನಮ್ಮ ಸ್ವಸಹಾಯ ಸಂಘದ ತಾಯಂದಿರಿಗೆ ಹೇಗೆ ತಿಳಿಯಬೇಕು? ಒಂದೇ ಗಂಟಿನಲ್ಲಿ ಕಡಿಮೆ ಹಣ ಕಟ್ಟಿ ಸಾಲ ಮುಗಿಸಿದರೆ ವರದಿಯಲ್ಲಿ 'ಸೆಟಲ್ಡ್' ಎಂದು ಬರುತ್ತದೆ. ಪೂರ್ತಿ ಚುಕ್ತಾ ಆದರೆ 'ಕ್ಲೋಸ್ಡ್' ಎಂದು ಬರುತ್ತದೆ. ಮೊದಲನೆಯದು ಮುಂದಿನ ಸಾಲಕ್ಕೆ ಅಡ್ಡಿ. ಇದನ್ನು ಬ್ಯಾಂಕಿನವರು ಮೊದಲೇ ಬಿಡಿಸಿ ಹೇಳಬೇಕಲ್ಲವೇ? ರಾಜ್ಯದ ಭಾಷೆಯಲ್ಲಿ ವರದಿ ಕೊಡುವುದನ್ನು ಕಡ್ಡಾಯ ಮಾಡಬೇಕೆಂದು ನಮ್ಮ ಜನಪ್ರತಿನಿಧಿಗಳು ಸಂಸತ್ತಿನಲ್ಲಿ ಕೇಳಬೇಕಾದ ಸಮಯ ಇದು.

ಈ ದಾಖಲೆಯ ಪ್ರಭಾವ ಸಾಲಕ್ಕೆ ಮಾತ್ರ ನಿಲ್ಲುವುದೂ ಇಲ್ಲ. ಶಿಕ್ಷಣ ಸಾಲದ ಅರ್ಜಿಯನ್ನು ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆ ಇದೆ ಎಂಬ ಕಾರಣಕ್ಕೆ ತಳ್ಳಿಹಾಕಬಾರದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಆದರೆ 2025ರಲ್ಲಿ ಮದ್ರಾಸ್ ಹೈಕೋರ್ಟ್, ಸಾಲದ ದಾಖಲೆ ಕೆಟ್ಟಿದ್ದ ಅಭ್ಯರ್ಥಿಯ ನೇಮಕಾತಿಯನ್ನು ಬ್ಯಾಂಕೊಂದು ರದ್ದು ಮಾಡಿದ್ದನ್ನು ಎತ್ತಿಹಿಡಿಯಿತು. ಬ್ಯಾಂಕ್ ಪರೀಕ್ಷೆಗೆ ತಯಾರಾಗುತ್ತಿರುವ ನಮ್ಮ ಯುವಜನರು ಇದನ್ನು ಮನದಟ್ಟು ಮಾಡಿಕೊಳ್ಳಬೇಕು.

ಅಮೇರಿಕದ ಅನುಭವ

ಬ್ಯೂರೋಗಳ ಇತಿಹಾಸ ಹಳೆಯದಿರುವ ಅಮೇರಿಕದಲ್ಲಿ ಇವುಗಳ ಮೇಲಿನ ಕಾನೂನು 1970ರಷ್ಟು ಹಿಂದಿನದು. ಆದರೂ 2017ರಲ್ಲಿ ಅಲ್ಲಿನ ಈಕ್ವಿಫ್ಯಾಕ್ಸ್ ಕಂಪೆನಿಯ ಕಂಪ್ಯೂಟರಿಗೆ ಕನ್ನ ಹಾಕಿದವರು ಸುಮಾರು 14.7 ಕೋಟಿ ಜನರ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಕದ್ದೊಯ್ದರು. ತಂತ್ರಾಂಶದ ಒಂದು ದೋಷಕ್ಕೆ ಪರಿಹಾರ ತಿಂಗಳುಗಳ ಮೊದಲೇ ಲಭ್ಯವಿತ್ತು. ಕಂಪೆನಿ ಅದನ್ನು ಅಳವಡಿಸಿರಲಿಲ್ಲ, ಅಷ್ಟೆ. ಮಾಹಿತಿ ಕಳೆದುಕೊಂಡವರಲ್ಲಿ ಅನೇಕರು ಆ ಕಂಪೆನಿಯೊಂದಿಗೆ ಎಂದೂ ನೇರ ವ್ಯವಹಾರ ಮಾಡಿದವರೇ ಅಲ್ಲ. 2019ರಲ್ಲಿ ಕಂಪೆನಿ ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ಆ ಘಟನೆಯ ನಂತರ ಅಮೇರಿಕದಲ್ಲಿ ಒಂದು ಒಳ್ಳೆಯ ಕ್ರಮ ಬಂತು. 2018ರ ಸೆಪ್ಟೆಂಬರ್‌ನಿಂದ ಅಲ್ಲಿ ಯಾರು ಬೇಕಾದರೂ ತಮ್ಮ ಸಾಲದ ದಾಖಲೆಗೆ ಉಚಿತವಾಗಿ ಬೀಗ ಹಾಕಿಸಬಹುದು. ಬೀಗ ಇರುವ ತನಕ ಹೊಸ ಸಾಲ ಕೊಡುವವರು ವರದಿ ನೋಡುವಂತಿಲ್ಲ. ಆದುದರಿಂದ ಕಳ್ಳರು ಕದ್ದ ದಾಖಲೆ ಬಳಸಿ ನಮ್ಮ ಹೆಸರಿನಲ್ಲಿ ಸಾಲ ತೆಗೆಯುವುದು ಕಷ್ಟ. ನಮ್ಮ 2005ರ ಕಾಯ್ದೆಯಲ್ಲಿ ಇಂತಹ ಹಕ್ಕು ಇಲ್ಲ. ಆಧಾರ್ ಮತ್ತು ಪ್ಯಾನ್ ಕಾರ್ಡಿನ ಪ್ರತಿ ಎಲ್ಲೆಂದರಲ್ಲಿ ಕೊಡುವ ನಮ್ಮ ದೇಶಕ್ಕೆ ಇದು ಇನ್ನೂ ಹೆಚ್ಚು ಅಗತ್ಯ.

ಮೊಬೈಲಿನಲ್ಲಿ ಐದು ನಿಮಿಷದ ಸಾಲ

ಇನ್ನೊಂದು ಅಪಾಯ ನಮ್ಮ ಕಿಸೆಯಲ್ಲೇ ಇದೆ. 2021ರಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡ ಸುಮಾರು 1,100 ಸಾಲದ ಆ್ಯಪ್‌ಗಳನ್ನು ಗುರುತಿಸಿದಾಗ ಅವುಗಳಲ್ಲಿ ಸುಮಾರು 600 ಅಕ್ರಮ ಎಂದು ಕಂಡುಬಂತು. ಇವು ಫೋನಿನಲ್ಲಿರುವ ಎಲ್ಲಾ ಹೆಸರು, ಫೋಟೋ ಎಳೆದುಕೊಂಡು, ಕಂತು ತಪ್ಪಿದರೆ ಬಂಧುಬಳಗಕ್ಕೆಲ್ಲ ಸಂದೇಶ ಕಳುಹಿಸಿ ಮಾನ ಹರಾಜು ಹಾಕುತ್ತಿದ್ದವು. ಇದರಿಂದ ಜೀವ ಕಳೆದುಕೊಂಡವರೂ ಇದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮದಂತೆ ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕಡತಗಳು, ಕರೆಗಳ ವಿವರ ನೋಡುವಂತಿಲ್ಲ. ಯಾವ ಆ್ಯಪ್ ನಿಯಂತ್ರಿತ ಸಂಸ್ಥೆಯದ್ದು ಎಂಬ ಪಟ್ಟಿಯನ್ನು 2025ರ ಜುಲೈಯಿಂದ ರಿಸರ್ವ್ ಬ್ಯಾಂಕ್ ತನ್ನ ತಾಣದಲ್ಲೇ ಹಾಕಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಆ್ಯಪ್‌ನಿಂದ ಒಂದು ರೂಪಾಯಿಯನ್ನೂ ತೆಗೆಯಬೇಡಿ.

ನಾವೇನು ಮಾಡಬಹುದು?

ಪ್ರಿಯ ಓದುಗರೇ, ಕಾನೂನು ಎಷ್ಟೇ ಒಳ್ಳೆಯದಾದರೂ ದೂರು ಕೊಡುವವರು ಇಲ್ಲದಿದ್ದರೆ ಅದು ಕಪಾಟಿನಲ್ಲಿಟ್ಟ ಔಷಧಿಯಂತೆ. ದಿನಕ್ಕೆ 100 ರೂಪಾಯಿಯ ಲೆಕ್ಕ ಶುರುವಾಗುವುದು ನಾವು ದೂರು ಕೊಟ್ಟ ಮೇಲೆಯೇ. ಆದುದರಿಂದ ಕೆಲವು ಸಲಹೆಗಳು:

ನಾಲ್ಕೂ ಬ್ಯೂರೋಗಳಿಂದ ಉಚಿತ ವರದಿಯನ್ನು ವರ್ಷಕ್ಕೊಮ್ಮೆ ತರಿಸಿಕೊಳ್ಳಿ. ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಾವೇ ನಮ್ಮ ವರದಿ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ.

ನೀವು ತೆಗೆಯದ ಸಾಲ, ಮುಗಿದಿದ್ದೂ ಮುಗಿಯದಂತೆ ಕಾಣುವ ಸಾಲ, ನಿಮಗೆ ಗೊತ್ತಿಲ್ಲದ ವಿಳಾಸ ಅಥವಾ ವಿಚಾರಣೆ ಇದೆಯೇ ನೋಡಿ. ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳಲ್ಲಿ ಸಾಲವಿದ್ದವರು ವಿಶೇಷವಾಗಿ ಗಮನಿಸಬೇಕು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಮತ್ತು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿವೆ. ಹಳೆಯ ಸಾಲ ಯಾವ ಹೆಸರಿನಲ್ಲಿ, ಹೇಗೆ ದಾಖಲಾಗಿದೆ ಎಂದು ಒಮ್ಮೆ ನೋಡುವುದು ಲೇಸು.

ಸಾಲ ಮುಗಿದ ದಿನವೇ 'ಬಾಕಿ ಇಲ್ಲ' ಎಂಬ ಪತ್ರ ಕೇಳಿ ಪಡೆದು ಜೋಪಾನವಾಗಿಡಿ. ಎರಡು ತಿಂಗಳು ಕಳೆದು ವರದಿಯಲ್ಲಿ ಅದು ಬಂದಿದೆಯೇ ಎಂದು ನೋಡಿ.

ತಪ್ಪು ಕಂಡರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬ್ಯಾಂಕಿಗೂ ಬ್ಯೂರೋಗೂ ಲಿಖಿತವಾಗಿ ದೂರು ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ. 30 ದಿನ ಕಳೆದರೆ ಓಂಬುಡ್ಸ್‌ಮನ್‌ಗೆ ಬರೆಯಿರಿ. 14448 ಸಂಖ್ಯೆಗೆ ಕರೆ ಮಾಡಿದರೆ ಮಾರ್ಗದರ್ಶನ ಸಿಗುತ್ತದೆ.

ಜಾಮೀನು ನಿಲ್ಲುವ ಮೊದಲು ಎರಡು ಬಾರಿ ಯೋಚಿಸಿ. ಆ ಸಾಲ ನಿಮ್ಮ ವರದಿಯಲ್ಲೂ ಕಾಣುತ್ತದೆ. ನೆರೆಯವರಿಗೆ ನೆರವಾಗುವುದು ಒಳ್ಳೆಯ ಗುಣವೇ, ಆದರೆ ನಿಂತ ಮೇಲೆ ಕಂತು ಹೋಗುತ್ತಿದೆಯೇ ಎಂದು ವಿಚಾರಿಸುವುದೂ ಅಷ್ಟೇ ಮುಖ್ಯ.

ಗಲ್ಫಿನಿಂದ ಮರಳುವವರು ಅಲ್ಲಿನ ಕ್ರೆಡಿಟ್ ಕಾರ್ಡು, ಸಾಲಗಳನ್ನು ಚುಕ್ತಾ ಮಾಡಿ ಪತ್ರ ಪಡೆದೇ ಬನ್ನಿ. ಯುಎಇಯಲ್ಲಿಯೂ 2014ರಿಂದ ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋ ಇಂತಹ ವರದಿಗಳನ್ನು ನೀಡುತ್ತಿದೆ.

ಕೊನೆಯದಾಗಿ, ನಮ್ಮ ಚರ್ಚುಗಳ ಕಛೇರಿ, ಸಂಘಸಂಸ್ಥೆಗಳಲ್ಲಿ ಸೇವೆ ಸಲ್ಲಿಸುವವರಿಗೆ ಒಂದು ಮಾತು. ವಿದ್ಯಾರ್ಥಿವೇತನಕ್ಕೆ, ಮನೆ ನಿರ್ಮಾಣದ ನೆರವಿಗೆ, ಸ್ವಸಹಾಯ ಸಂಘಕ್ಕೆ ಎಂದು ಜನರು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ನಮ್ಮನ್ನು ನಂಬಿ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಆ ಕಾಗದಗಳು ಎಲ್ಲಿ ಹೋಗುತ್ತವೆ? ತೆರೆದ ಮೇಜಿನ ಮೇಲೆ ಬಿದ್ದಿರುತ್ತವೆಯೇ, ವಾಟ್ಸಾಪಿನಲ್ಲಿ ಹತ್ತು ಜನರ ಫೋನಿಗೆ ಹೋಗಿರುತ್ತವೆಯೇ? ಸಹಾಯ ಪಡೆದವರ, ಬಾಕಿ ಇಟ್ಟವರ ಹೆಸರನ್ನು ಗುಂಪಿನಲ್ಲಿ ಹಾಕುವ ಅಭ್ಯಾಸ ನಮ್ಮಲ್ಲೂ ಇದೆಯೇ? ಬ್ಯಾಂಕುಗಳಿಂದ, ಬ್ಯೂರೋಗಳಿಂದ ನಾವು ಬಯಸುವ ಗೌರವವನ್ನು ಮೊದಲು ನಾವು ಒಬ್ಬರಿಗೊಬ್ಬರು ತೋರಿಸಬೇಕು. ಪಾಲನಾ ಮಂಡಳಿಗಳು ಈ ಬಗ್ಗೆ ಒಂದು ಸಭೆಯಲ್ಲಿ ಚರ್ಚಿಸಿದರೆ ಒಳ್ಳೆಯದು. ಕಂಪ್ಯೂಟರ್ ಬಲ್ಲ ಯುವಕ ಯುವತಿಯರು ಒಂದು ಭಾನುವಾರ ಪೂಜೆಯ ಬಳಿಕ ಎರಡು ಗಂಟೆ ಕುಳಿತು, ಹಿರಿಯರಿಗೂ ಸಂಘದ ಮಹಿಳೆಯರಿಗೂ ಅವರವರ ಮೊಬೈಲಿನಲ್ಲೇ ಉಚಿತ ವರದಿ ತೆಗೆದು ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಸೇವೆ ಬೇರೊಂದಿಲ್ಲ.

ಹೀಗೆ ಮಾಡಿದಾಗ ಕೆಲವರ ವರದಿಯಲ್ಲಿ ತಪ್ಪುಗಳು ಕಾಣಬಹುದು. ಅವನ್ನು ತಿದ್ದಿಸಲು ಜೊತೆಗೆ ನಿಲ್ಲೋಣ. ಮುಂದಿನ ಮಳೆಗಾಲಕ್ಕೆ ಮೊದಲು ಯಾರದಾದರೂ ಒಂದು ಮನೆಯ ಮಾಡು ಸರಿಯಾದರೂ ಸಾಕು, ನಾವು ಕೂತ ಎರಡು ಗಂಟೆ ಸಾರ್ಥಕ.